ಗುರಿಯ ಗೆರೆ ಎಳೆಯುವವರು ಯಾರು?

ನಮ್ಮ ಮಹಿಳಾ ಸಂಘದ ಗೋಡೆಗೆ ಕಳೆದ ವರ್ಷದಿಂದ ಒಂದು ಹೊಸ ಹಾಳೆ ಬಂದಿದೆ. ಕಾರ್ಯದರ್ಶಿಯವರು ಕಂಪ್ಯೂಟರಿನಲ್ಲಿ ಎಕ್ಸೆಲ್ ತೆರೆದು, ಯಾವ ಸದಸ್ಯೆ ಎಷ್ಟು ಹಾಲು ಹಾಕಿದರು ಎಂಬುದನ್ನು ಚಾರ್ಟ್ ಮಾಡಿ ತಿಂಗಳಿಗೊಮ್ಮೆ ಅಂಟಿಸುತ್ತಾರೆ. ಅದರ ಮೇಲೆ ಅಡ್ಡಲಾಗಿ ಒಂದು ಗೆರೆ. ಅದೇ ಗುರಿ, ಹಸುವೊಂದಕ್ಕೆ ದಿನಕ್ಕೆ 10 ಲೀಟರ್. ಗೆರೆ ಮುಟ್ಟಿದವರ ಹೆಸರು ಹಸಿರು ಬಣ್ಣದಲ್ಲಿ, ಮುಟ್ಟದವರದು ಕೆಂಪಿನಲ್ಲಿ. ಬೆಳಿಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರೆಲ್ಲ ಮೊದಲು ನೋಡುವುದು ತಮ್ಮ ಹೆಸರಿನ ಬಣ್ಣ, ಆಮೇಲೆ ಪಕ್ಕದ ಮನೆಯವರದು.

ಚಾರ್ಟ್ ಬೇಡ ಎಂದು ನಾನು ಹೇಳುತ್ತಿಲ್ಲ. ಪಾಸ್ ಪುಸ್ತಕದ ಅಂಕಿಯಲ್ಲಿ ಇವತ್ತಿನ ಹಾಲು ಮಾತ್ರ ಕಾಣುತ್ತದೆ. ಅದನ್ನೇ ಗೆರೆಯಾಗಿ ನೋಡಿದರೆ ಎರಡು ತಿಂಗಳ ಹಾದಿ ಒಟ್ಟಿಗೆ ಕಾಣುತ್ತದೆ. ಚೆನ್ನಾಗಿ ಕೊಡುತ್ತಿದ್ದ ಹಸುವಿನ ಗೆರೆ ಎರಡು ದಿನದಲ್ಲಿ ತಟಕ್ಕನೆ ಕೆಳಗಿಳಿದರೆ ಕೆಚ್ಚಲು ಬಾವು ಶುರುವಾಗಿರಬಹುದೇ ಎಂದು ಕೂಡಲೇ ನೋಡಿಕೊಳ್ಳಬಹುದು. ನನ್ನ ತಕರಾರಿರುವುದು ಆ ಅಡ್ಡ ಗೆರೆಯ ಬಗ್ಗೆ.

ಹಸು ವರ್ಷವಿಡೀ ಒಂದೇ ಅಳತೆಯಲ್ಲಿ ಹಾಲು ಕೊಡುವುದಿಲ್ಲ. ಇದು ನಮಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಕರು ಹಾಕಿದ ಮೇಲೆ ಹಾಲು ಏರುತ್ತಾ ಹೋಗಿ, ಸುಮಾರು 6ರಿಂದ 8 ವಾರಕ್ಕೆ ತುದಿ ಮುಟ್ಟಿ, ಅಲ್ಲಿಂದ ತಿಂಗಳು ತಿಂಗಳಿಗೂ ಇಳಿಯುತ್ತದೆ. ಒಂದು ಸೀಮೆಹಸುವಿನ ಲೆಕ್ಕ ಹೀಗಿದೆ ಎಂದುಕೊಳ್ಳೋಣ. ಮೊದಲ ತಿಂಗಳು ದಿನಕ್ಕೆ 12 ಲೀಟರ್, ಎರಡನೆಯದರಲ್ಲಿ 14, ಆಮೇಲೆ 13, 12, 11, 10, 9, 8, 7, ಹತ್ತನೇ ತಿಂಗಳು 6. ತಿಂಗಳಿಗೆ 30 ದಿನದಂತೆ ಕೂಡಿದರೆ 3,060 ಲೀಟರ್. ದಿನಕ್ಕೆ 10 ಲೀಟರ್ ಗುರಿ ಎಂದರೆ 300 ದಿನಕ್ಕೆ 3,000 ಲೀಟರ್. ಅಂದರೆ ಈ ಹಸು ಗುರಿ ಮುಟ್ಟಿ ಮೇಲೆ 60 ಲೀಟರ್ ಕೊಟ್ಟಿದೆ. ಆದರೂ ಗೋಡೆಯ ಚಾರ್ಟಿನಲ್ಲಿ ಏಳನೇ ತಿಂಗಳಿನಿಂದ ಹತ್ತನೇ ತಿಂಗಳವರೆಗೆ, ಪೂರಾ ನಾಲ್ಕು ತಿಂಗಳು, ಅದರ ಒಡತಿಯ ಹೆಸರು ಕೆಂಪು.

ಇನ್ನೂ ಒಂದು ಮಾತಿದೆ. ಮನೆಯ ಮಕ್ಕಳಿಗೆ, ಮುದುಕರ ಕಾಫಿಗೆ ಎಂದು ದಿನಕ್ಕೆ ಅರ್ಧ ಲೀಟರ್ ಇಟ್ಟುಕೊಂಡರೆ 300 ದಿನಕ್ಕೆ 150 ಲೀಟರ್ ಆಯಿತು. ಡೇರಿಗೆ ಬಂದದ್ದು 2,910. ಈಗ ಆಕೆ ಇಡೀ ವರ್ಷದ ಲೆಕ್ಕದಲ್ಲೂ ಸೋತವಳು! ಗುರಿ ಮುಟ್ಟಿಸುವುದಕ್ಕೆ ಮಕ್ಕಳ ಲೋಟಕ್ಕೆ ನೀರು ಬೆರೆಸುವ ಮನೆಗಳು ಇಲ್ಲ ಎನ್ನುವಂತಿಲ್ಲ. ಹಾಲು ಕರೆಯುವ ಮನೆಯಲ್ಲೇ ಹಾಲು ಕುಡಿಯದ ಮಗು ಇದ್ದರೆ ಆ ಚಾರ್ಟಿನ ಹಸಿರು ಬಣ್ಣ ಯಾರಿಗೆ ಬೇಕು?

ಸಂಘದ ಕಡೆಯಿಂದ ನೋಡಿದರೆ ಅಡ್ಡ ಗೆರೆಗೆ ಅರ್ಥವಿದೆ, ಅದನ್ನು ಒಪ್ಪಬೇಕು. ಶೀತಲೀಕರಣ ಘಟಕ, ಟ್ಯಾಂಕರ್ ಮಾರ್ಗ, ಸಿಬ್ಬಂದಿ ಖರ್ಚು ಎಲ್ಲವೂ ದಿನಕ್ಕೆ ಇಷ್ಟು ಹಾಲು ಬರುತ್ತದೆ ಎಂಬ ಅಂದಾಜಿನ ಮೇಲೆ ನಡೆಯಬೇಕು. ಊರಿನಲ್ಲಿ 80 ಹಸು ಇದ್ದರೆ ಒಂದು ಈ ತಿಂಗಳು ಕರು ಹಾಕುತ್ತದೆ, ಇನ್ನೊಂದು ಹಾಲು ಬತ್ತಿಸುತ್ತದೆ. ಒಂದರ ಏರು ಇನ್ನೊಂದರ ಇಳಿವನ್ನು ತುಂಬಿಕೊಡುತ್ತದೆ. ಆದ್ದರಿಂದ ಸಂಘದ ಒಟ್ಟು ಹಾಲಿಗೆ ನೇರ ಗೆರೆ ಹೊಂದುತ್ತದೆ. ಒಂದೋ ಎರಡೋ ಹಸು ಕಟ್ಟಿದವರಿಗೆ ಹಾಗೆ ತುಂಬಿಕೊಡುವ ಮೂರನೇ ಹಸು ಇಲ್ಲ. ನಮ್ಮ ಸಂಘದಲ್ಲಿ ಹೆಚ್ಚಿನವರು ಅಂಥವರೇ. ಎಂಟು ಹತ್ತು ಹಸು ಇರುವ ಮನೆಯ ಹೆಸರು ಯಾವಾಗಲೂ ಹಸಿರಾಗಿರುವುದಕ್ಕೆ ಅವರ ಜಾಣತನವೊಂದೇ ಕಾರಣವಲ್ಲ.

ಕೆಂಪು ಹೆಸರು ಸುಮ್ಮನೆ ಗೋಡೆಯ ಮೇಲೆ ಕೂರುವುದಿಲ್ಲ, ಮನೆಗೂ ಬರುತ್ತದೆ. ನಮ್ಮ ಬೀದಿಯವರೊಬ್ಬರು ಎಂಟನೇ ತಿಂಗಳ ಹಾಲಿನಲ್ಲಿದ್ದ, ಐದು ತಿಂಗಳ ಗಬ್ಬದ ಹಸುವನ್ನು 'ಇದು ಗುರಿ ಮುಟ್ಟುತ್ತಿಲ್ಲ' ಎಂದು ಮಾರಿದರು. ಆ ತೀರ್ಮಾನ ಮಾಡಿದ್ದು ಆಕೆಯೂ ಅಲ್ಲ, ಚಾರ್ಟ್ ನೋಡಿ ಬಂದ ಮನೆಯ ಗಂಡಸರು. ನಾಲ್ಕು ತಿಂಗಳ ಮೇಲೆ ಅದು ಕರು ಹಾಕಿದ್ದು ಕೊಂಡವರ ಕೊಟ್ಟಿಗೆಯಲ್ಲಿ. 14 ಲೀಟರಿನ ಹಾಲೂ ಅವರಿಗೇ ಹೋಯಿತು.

ಹಸು ಮಾರದವರು ಇನ್ನೊಂದು ದಾರಿ ಹಿಡಿಯುತ್ತಾರೆ, ಪಶು ಆಹಾರ ಹೆಚ್ಚಿಸುತ್ತಾರೆ. ಹಾಲು ಏರುವ ಕಾಲದಲ್ಲಿ ಕೊಟ್ಟ ಆಹಾರಕ್ಕೆ ಹಸು ಹಾಲಿನಲ್ಲೇ ಉತ್ತರ ಕೊಡುತ್ತದೆ. ಏಳು ತಿಂಗಳು ದಾಟಿದ ಮೇಲೆ ಅದರಲ್ಲಿ ಹೆಚ್ಚು ಪಾಲು ಮೈಗೆ ಹೋಗುತ್ತದೆ. ದಿನಕ್ಕೆ 1 ಕೆ.ಜಿ. ಹೆಚ್ಚು ಹಾಕಿದ್ದಕ್ಕೆ 25 ರೂಪಾಯಿ ಖರ್ಚಾಗಿ, ಹಾಲು ಅರ್ಧ ಲೀಟರ್ ಏರಿ, ಲೀಟರಿಗೆ 35ರಂತೆ 17 ರೂಪಾಯಿ 50 ಪೈಸೆ ಬಂತು ಎನ್ನಿ. ದಿನಕ್ಕೆ ಏಳೂವರೆ ರೂಪಾಯಿ, ತಿಂಗಳಿಗೆ 225 ರೂಪಾಯಿ ಕೈಬಿಟ್ಟಿತು. ನಿಮ್ಮೂರ ದರ ಬೇರೆ ಇರಬಹುದು, ನಿಮ್ಮದನ್ನೇ ಹಾಕಿ ನೋಡಿ. ಚಾರ್ಟ್ ಮೇಲೇರಿತು, ಗಂಟು ಕರಗಿತು. ಹೊಟ್ಟೆಗೆ ಒಮ್ಮೆಲೇ ದಾಣಿ ಹೆಚ್ಚಾದರೆ ಅಜೀರ್ಣವಾಗಿ ಫ್ಯಾಟ್ ಇಳಿಯುವುದೂ ಉಂಟು. ಫ್ಯಾಟ್ 3.5, ಎಸ್‌ಎನ್‌ಎಫ್ 8.5 ಇಲ್ಲದಿದ್ದರೆ ದರಕ್ಕೇ ಪೆಟ್ಟು. ಲೀಟರ್ ಮಾತ್ರ ತೋರಿಸುವ ಚಾರ್ಟ್ ಇದ್ಯಾವುದನ್ನೂ ಹೇಳುವುದಿಲ್ಲ.

ಹಾಗಾಗಿ ನಮ್ಮ ಚಾರ್ಟನ್ನು ನಾವೇ ಮಾಡಿಕೊಳ್ಳಬೇಕು, ಗುರಿಯ ಗೆರೆಯನ್ನೂ ನಾವೇ ಎಳೆಯಬೇಕು ಎಂಬುದು ನನ್ನ ಅಭಿಪ್ರಾಯ. ಆ ಗುರಿ ಲೀಟರ್ ಆಗಿರಬಾರದು, ಖರ್ಚು ಕಳೆದು ಕೈಯಲ್ಲಿ ಉಳಿದ ಹಣ ಆಗಿರಬೇಕು. ದಿನದ ಲೆಕ್ಕವೂ ಬೇಡ. ಕರು ಹಾಕಿದ ದಿನದಿಂದ ಕೂಡುತ್ತಾ ಬಂದ ಮೊತ್ತವಿರಲಿ. ಮೇಲೆ ಹೇಳಿದ ಹಸುವಿನ ಹಾಲನ್ನೇ ಹೀಗೆ ಕೂಡುತ್ತಾ ಹೋದರೆ ಐದು ತಿಂಗಳಿಗೆ ಗುರಿ 1,500 ಲೀಟರ್, ಹಸು ಕೊಟ್ಟದ್ದು 1,860. ಮುಂದೆ ಹಾಲು ಇಳಿದರೂ ಆ 360 ಲೀಟರ್ ಮುನ್ನಡೆ ಅದನ್ನು ಕೊನೆಯವರೆಗೆ ಗೆರೆಯ ಮೇಲೆಯೇ ಇಡುತ್ತದೆ. ಹಸು ಅದೇ, ಹಾಲು ಅದೇ, ಚಾರ್ಟ್ ಮಾತ್ರ ಬೇರೆ.

ಇದಕ್ಕೆ ಕಂಪ್ಯೂಟರ್ ಬೇಕಿಲ್ಲ. ಫೋನಿನಲ್ಲಿ ಗೂಗಲ್ ಶೀಟ್ಸ್ ಸಾಕು. ಅದಕ್ಕೆ ದುಡ್ಡಿಲ್ಲ, ಕನ್ನಡದಲ್ಲೇ ಬರೆಯಬಹುದು. ದಿನಾ ಬರೆಯಲು ಹೋದರೆ ನಾಲ್ಕನೇ ದಿನಕ್ಕೆ ಬಿಟ್ಟುಹೋಗುತ್ತದೆ. ವಾರಕ್ಕೊಂದು ಸಾಲು ಇರಲಿ. ಡೇರಿಯ ಚೀಟಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿಡಿ, ಭಾನುವಾರ ಕೂತು ತುಂಬಿ. ಕಾಲಂಗಳು ಹೀಗಿರಲಿ: ಡೇರಿಗೆ ಹಾಕಿದ ಲೀಟರ್, ಮನೆಗೆ ಇಟ್ಟದ್ದು, ಹಾಲಿನ ಹಣ, ಮೇವು ಆಹಾರ ಔಷಧಿಯ ಖರ್ಚು, ಉಳಿದದ್ದು, ದಿನಾಂಕ, ಒಟ್ಟು ಉಳಿದದ್ದು, ಗುರಿ. ದಿನಾಂಕವನ್ನು ಮೊದಲಿಗೆ ಇಡದೆ ಆರನೆಯದಾಗಿ ಇಟ್ಟದ್ದಕ್ಕೆ ಕಾರಣವಿದೆ. ಚಾರ್ಟಿಗೆ ಬೇಕಾದದ್ದು ಕೊನೆಯ ಮೂರು ಕಾಲಂ ಮಾತ್ರ. ಅವು ಪಕ್ಕಪಕ್ಕದಲ್ಲಿದ್ದರೆ ಬೆರಳಿನಲ್ಲಿ ಎಳೆದು ಆರಿಸುವುದು ಸುಲಭ. ಅಂಕಿಯ ಮುಂದೆ 'ಲೀ.' ಎಂದೋ 'ರೂ.' ಎಂದೋ ಬರೆಯಬೇಡಿ. ಬರೆದರೆ ಫೋನು ಅದನ್ನು ಅಕ್ಷರ ಎಂದುಕೊಂಡು ಕೂಡುವುದಿಲ್ಲ. ಮನೆಗೆ ಇಟ್ಟ ಹಾಲಿಗೂ ಡೇರಿಯ ದರ ಹಾಕಿ 'ಹಾಲಿನ ಹಣ'ದಲ್ಲಿ ಸೇರಿಸಿ, ಅದೇನು ಬಿಟ್ಟಿ ಬಂದದ್ದಲ್ಲ. ಸರ್ಕಾರದ ಪ್ರೋತ್ಸಾಹಧನ ಬಟವಾಡೆಯ ಜೊತೆ ಬರುವುದಿಲ್ಲ. ಖಾತೆಗೆ ಜಮೆಯಾದ ವಾರದ ಸಾಲಿನಲ್ಲಿ ಸೇರಿಸಿದರೆ ಸಾಕು.

'ಒಟ್ಟು ಉಳಿದದ್ದು' ಕಾಲಂನ ಮೊದಲ ಸಾಲಿನಲ್ಲಿ ಆ ವಾರ ಉಳಿದದ್ದನ್ನೇ ಬರೆಯಿರಿ. ಎರಡನೇ ಸಾಲಿನಿಂದ ಸಮ ಚಿಹ್ನೆ ಹಾಕಿ, ಮೇಲಿನ ಚೌಕ ಮುಟ್ಟಿ, ಕೂಡುವ ಚಿಹ್ನೆ ಹಾಕಿ, ಅದೇ ಸಾಲಿನ 'ಉಳಿದದ್ದು' ಚೌಕ ಮುಟ್ಟಿ. ಮುಂದಿನ ವಾರಗಳಿಗೆ ಆ ಚೌಕವನ್ನು ಕಾಪಿ ಮಾಡಿದರೆ ಆಯಿತು. ತುಂಬದ ವಾರಗಳಿಗೆ ಮುಂಚೆಯೇ ಕಾಪಿ ಮಾಡಿಡಬೇಡಿ, ಗೆರೆ ಮುಂದಕ್ಕೆ ಚಪ್ಪಟೆಯಾಗಿ ಓಡಿ ಗಾಬರಿ ಹುಟ್ಟಿಸುತ್ತದೆ. ಗುರಿ ಕಾಲಂ ಮಾತ್ರ ಕೊನೆಯವರೆಗೂ ತುಂಬಿರಲಿ. ಮಗಳ ಕಾಲೇಜು ಫೀಸಿಗೋ ಮೇವು ಕತ್ತರಿಸುವ ಯಂತ್ರಕ್ಕೋ 30,000 ರೂಪಾಯಿ ಬೇಕು ಎಂದಿದ್ದರೆ 300 ದಿನಕ್ಕೆ ಸುಮಾರು 43 ವಾರ. ವಾರಕ್ಕೆ 700ರಂತೆ 700, 1,400, 2,100 ಎಂದು ಏರುತ್ತಾ ಹೋಗಲಿ. ಮೂರೂ ಕಾಲಂ ಆರಿಸಿ, ಮೇಲಿನ ಕೂಡುವ ಚಿಹ್ನೆಯಲ್ಲಿ ಚಾರ್ಟ್ ಒತ್ತಿ, ಗೆರೆ ಚಾರ್ಟ್ ಆರಿಸಿದರೆ ಎರಡು ಗೆರೆ ಬರುತ್ತವೆ, ಒಂದು ನಿಮ್ಮ ಗುರಿ, ಇನ್ನೊಂದು ನಿಮ್ಮ ದುಡಿಮೆ. ನಮ್ಮ ಕೂಲಿ ಇದರಲ್ಲಿಲ್ಲ ಎಂಬುದು ಬೇರೆ ಮಾತು. ನಸುಕಿನಿಂದ ರಾತ್ರಿಯವರೆಗೆ ಸಗಣಿ ಬಾಚಿ, ಮೇವು ತಂದು, ಹಾಲು ಕರೆದದ್ದಕ್ಕೆ ಒಂದು ಕಾಲಂ ಇಟ್ಟರೆ ಬಹಳ ಮನೆಗಳ ಗೆರೆ ಸೊನ್ನೆಯಿಂದ ಕೆಳಗೆ ಹೋದೀತು. ಇಡಲು ಧೈರ್ಯವಿರುವವರು ಇಡಿ.

ಈ ಶೀಟು ನಿಮ್ಮ ಹೆಸರಿನ ಖಾತೆಯಲ್ಲೇ ಇರಬೇಕು, ಮಗನದ್ದಲ್ಲ, ಕಾರ್ಯದರ್ಶಿಯದ್ದೂ ಅಲ್ಲ. ಮಗ ಕಲಿಸಿಕೊಡಲಿ, ಸಂತೋಷ. ಹಾಲಿನ ಹಣ ನಮ್ಮ ಬ್ಯಾಂಕ್ ಖಾತೆಗೆ ಬಂದರೂ ಪಾಸ್‌ವರ್ಡ್ ಇನ್ನೊಬ್ಬರ ಹತ್ತಿರ ಇರುವ ಕಥೆ ನಮಗೆಲ್ಲ ಗೊತ್ತು. ಲೆಕ್ಕದ ಶೀಟಿಗೂ ಅದೇ ಗತಿ ಬರಬಾರದು. ಹಸು ಮಾರುವ ಮಾತು ಬಂದ ದಿನ ಫೋನು ತೆಗೆದು ತೋರಿಸಬೇಕಾದವರು ನೀವು.

ಸಂಘದವರಲ್ಲಿ ನನ್ನ ಕೋರಿಕೆ ಎರಡೇ. ಗೋಡೆಯ ಮೇಲೆ ಸಂಘದ ಒಟ್ಟು ಹಾಲಿನ ಚಾರ್ಟ್ ಮಾತ್ರ ಇರಲಿ, ಸದಸ್ಯೆಯರ ಹೆಸರೂ ಬಣ್ಣವೂ ತೆಗೆದುಹಾಕಿ. ಸದಸ್ಯೆಯ ಲೆಕ್ಕ ಆಕೆಯ ಕೈಗೆ ಸಿಗಲಿ. ಒಕ್ಕೂಟದ ತರಬೇತಿಯಲ್ಲಿ ಮೇವು, ಖನಿಜ ಮಿಶ್ರಣದ ಪಾಠದ ಜೊತೆಗೆ ಈ ಶೀಟು ಮಾಡುವುದಕ್ಕೂ ಒಂದು ಗಂಟೆ ಕೊಡಿ, ಮಾದರಿಯೊಂದನ್ನು ಕನ್ನಡದಲ್ಲಿ ತಯಾರಿಸಿ ಎಲ್ಲರ ಫೋನಿಗೆ ಕಳಿಸಿ. ಆ ಮಾದರಿಯಲ್ಲಿ ಕರು ಹಾಕಿದ ದಿನಾಂಕಕ್ಕೂ ಒಂದು ಚೌಕ ಇರಲಿ. ಇವತ್ತಿನ ದಿನಾಂಕದಿಂದ ಅದನ್ನು ಕಳೆದರೆ ಎಷ್ಟು ದಿನವಾಯಿತು ಎಂದು ಶೀಟೇ ಹೇಳುತ್ತದೆ. 90 ದಿನದ ಹೊತ್ತಿಗೆ ಹಸು ಗಬ್ಬ ನಿಂತರೆ, ಸುಮಾರು 280 ದಿನದ ಗಬ್ಬ ಸೇರಿ, ವರ್ಷಕ್ಕೊಂದು ಕರುವಿನ ಹತ್ತಿರ ಬರುತ್ತೇವೆ. ಬೆದೆ ಒಂದು ತಪ್ಪಿದರೆ 21 ದಿನ ಹೋಯಿತು. ಹಾಲು ಬತ್ತಿಸಿದ 60 ದಿನ ಗಬ್ಬದ ಹಸುವಿಗೆ ಮೇವಿನ ಖರ್ಚು ನಿಲ್ಲುವುದಿಲ್ಲ, ಒಟ್ಟು ಹಣದ ಗೆರೆ ಆಗ ಇಳಿಯುತ್ತದೆ. ಆ ಎರಡು ತಿಂಗಳ ಖರ್ಚನ್ನೂ ಮೊದಲೇ ಲೆಕ್ಕ ಹಾಕಿ, ಮುಂದಿನ ಸೂಲಿನ ಗುರಿಗೆ ಸೇರಿಸಿಕೊಳ್ಳಿ.