ದೂರದರ್ಶನದ ಹೃದಯವೂ ಮನೆಯ ಹೃದಯವೂ

ಸಂಜೆಯ ದೀಪ ಹೊತ್ತಿತೆಂದರೆ ನಮ್ಮ ಹಿರೇಬೆಂಡಿಗೇರಿಯ ಮನೆಮನೆಯಲ್ಲಿಯೂ ದೂರದರ್ಶನದ ಧಾರಾವಾಹಿಯು ಆರಂಭವಾಗುವುದು. ಮೊನ್ನೆ ಅದರಲ್ಲೊಂದು ಆಸ್ಪತ್ರೆಯ ದೃಶ್ಯ. ಯಂತ್ರದ ಮೇಲಿನ ಹೃದಯರೇಖೆ ನೇರವಾಯಿತು, ವೈದ್ಯನು ಎದೆಗೆ ವಿದ್ಯುದಾಘಾತ ಕೊಟ್ಟನು, ರೋಗಿ ಕಣ್ದೆರೆದನು. ಮಕ್ಕಳು ಚಪ್ಪಾಳೆಯಿಕ್ಕಿದರು. ನಮಗೆ ಮಾತ್ರ ಸಂತೋಷವಾಗಲಿಲ್ಲ.

ಕಳೆದ ಸುಗ್ಗಿಯಲ್ಲಿ ನೆರೆಮನೆಯ ಹಿರಿಯರು ಎದೆ ಬಿಗಿಯುತ್ತದೆಂದಾಗ “ವಾಯು ಆಗಿರಬೇಕ್ರಿ, ಜೀರಗಿ ಕಷಾಯ ಕುಡೀರಿ” ಎಂದವರಲ್ಲಿ ನಾವೂ ಒಬ್ಬರು. ಬೆಳಗಾಗುವುದರೊಳಗೆ ಅವರು ತೀರಿಕೊಂಡರು.

ವಾಚಕರೇ, ರೇಖೆ ಪೂರ್ತಿ ನೇರವಾದ ಹೃದಯವನ್ನು ವಿದ್ಯುತ್ತು ಎಬ್ಬಿಸಲಾರದು. ತಾಳತಪ್ಪಿ ಕಂಪಿಸುವ ಹೃದಯಕ್ಕೇ ಅದು ಮದ್ದು. ಅಮೆರಿಕೆಯ ‘ಇ.ಆರ್.’ ಮೊದಲಾದ ಮೂರು ದೂರದರ್ಶನಮಾಲೆಗಳನ್ನು ವೈದ್ಯರು ಪರಿಶೀಲಿಸಿ 1996ರಲ್ಲಿ ಪ್ರಕಟಿಸಿದಂತೆ, ಅವುಗಳಲ್ಲಿ ಹೃದಯ ನಿಂತವರ ಪೈಕಿ ನೂರಕ್ಕೆ 75 ಮಂದಿ ಆ ಗಳಿಗೆಯನ್ನು ದಾಟಿದ್ದರು. ನಿಜದಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಬದುಕಿ ಮನೆಗೆ ಮರಳುವವರು ಮುಂದುವರಿದ ದೇಶಗಳಲ್ಲಿಯೂ ಸುಮಾರು ಹತ್ತರಲ್ಲೊಬ್ಬರು.

ಆದುದರಿಂದ ಹೃದಯ ನಿಲ್ಲುವ ಮೊದಲೇ ಎಚ್ಚರಗೊಳ್ಳತಕ್ಕದ್ದು. ರಕ್ತನಾಳವು ಕಟ್ಟಿದೊಡನೆ ಹೃದಯದ ಮಾಂಸವು ಸಾಯತೊಡಗುವುದು. ಎದೆಬಿಗಿತ, ತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಇದರ ಲಕ್ಷಣಗಳು. ಹೆಂಗಸರಲ್ಲಿಯೂ ಮಧುಮೇಹಿಗಳಲ್ಲಿಯೂ ಕೆಲವೊಮ್ಮೆ ಬರಿಯ ಏದುಸಿರು, ವಾಕರಿಕೆ, ಆಯಾಸಗಳಷ್ಟೇ ತೋರುವುವು.

ನಟ ಪುನೀತ್ ರಾಜ್‌ಕುಮಾರರು 2021ರ ಅಕ್ಟೋಬರ್ 29ರಂದು ತಮ್ಮ 46ನೆಯ ವಯಸ್ಸಿನಲ್ಲಿ ಅಗಲಿದುದನ್ನು ಯಾರು ಮರೆತಾರು? ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಂತೆ ತಾಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ದೂರದ ಹೃದ್ರೋಗತಜ್ಞರಿಗೆ ತೋರಿಸಿ, ಅವಶ್ಯವಿದ್ದರೆ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಸೂಜಿಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಆದರೆ ಮನೆಯವರು ಕಷಾಯ ಕಾಸುತ್ತ ಕುಳಿತರೆ ಆ ಮದ್ದು ತಾನಾಗಿ ಅಂಗಳಕ್ಕೆ ಬಾರದು. 108ಕ್ಕೆ ಕೂಡಲೇ ಕರೆಮಾಡಬೇಕು.

ಒಂದು ವೇಳೆ ಮನುಷ್ಯನು ಎಚ್ಚರದಪ್ಪಿ, ಉಸಿರೂ ನಿಂತರೆ, ಅವನನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುಮಧ್ಯದಲ್ಲಿ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಸಲ, ಎರಡು ಅಂಗುಲ ಆಳಕ್ಕೆ ಒತ್ತುತ್ತಿರಬೇಕು. ನೆರವು ಬರುವವರೆಗೆ ಬಿಡಬಾರದು.

ಈಗ ಧಾರಾವಾಹಿಯ ನಡುವೆ ಜಾಹೀರಾತು ಬಂದಾಗ ನಮ್ಮ ಮೊಮ್ಮಕ್ಕಳು ತಲೆದಿಂಬನ್ನು ನೆಲಕ್ಕಿಟ್ಟು ಒತ್ತುತ್ತ ಎಣಿಸುತ್ತಾರೆ. ಎಣಿಕೆ ನಿಧಾನವಾದರೆ ನಾವು ಹಿಂದಿನಂತೆಯೇ ಗದರಿಸಿ ತಿದ್ದುತ್ತೇವೆ.