ಕನಿಕರಕ್ಕೂ ಕಸುಬುಗಾರಿಕೆ ಬೇಕು

ಕಳೆದ ವರ್ಷದ ಮಳೆಗಾಲದ ಒಂದು ಭಾನುವಾರ ನಮ್ಮ ಸಂಘದ ಕಚೇರಿಯ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಯಾದಗಿರಿಯ ಕಡೆಯವಳು. ಮುಂಬಯಿಯ ಉಪನಗರವೊಂದರಲ್ಲಿ ಕಟ್ಟಡದ ಕೆಲಸಕ್ಕಿದ್ದ ಆಕೆಯ ಗಂಡ ಸಾರುವೆಯಿಂದ ಬಿದ್ದು ತೀರಿಕೊಂಡು ಒಂಬತ್ತು ದಿನಗಳಾಗಿದ್ದವು. ಕನ್ನಡವಲ್ಲದೆ ಬೇರೆ ಭಾಷೆ ಆಕೆಗೆ ಬಾರದು. ಕನ್ನಡದವರ ಸಂಘವೊಂದಿದೆ ಎಂದು ಯಾರೋ ಹೇಳಿದ್ದನ್ನು ನಂಬಿ ಹುಡುಕಿಕೊಂಡು ಬಂದಿದ್ದಳು.

ಅಂದು ಕಾರ್ಯಕಾರಿ ಸಮಿತಿಯ ನಾವು ಹನ್ನೊಂದು ಮಂದಿ ಅಲ್ಲಿದ್ದೆವು. ವೈದ್ಯರಿದ್ದರು, ಇಂಜಿನಿಯರುಗಳಿದ್ದರು, ಬ್ಯಾಂಕಿನಿಂದ ನಿವೃತ್ತರಾದವರಿದ್ದರು. ಆಕೆಗೆ ಚಹಾ ತರಿಸಿದೆವು, ಐದು ಸಾವಿರ ರೂಪಾಯಿ ಕೂಡಿಸಿ ಕೊಟ್ಟೆವು, ಊರಿಗೆ ರೈಲು ಟಿಕೆಟು ತೆಗೆಸಿಕೊಡುವೆವೆಂದೆವು. ಆಕೆ ಕೇಳಿದ್ದು ಅದನ್ನಲ್ಲ. “ನನ್ನ ಗಂಡ ಅವರಲ್ಲಿ ಕೆಲಸಕ್ಕೇ ಇರಲಿಲ್ಲ ಅಂತಾರ್ರಿ. ಇದ್ದ ಅಂತ ನಾ ಹೆಂಗ ತೋರಸ್ಲಿ?” ಈ ಪ್ರಶ್ನೆಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಆ ಹೊತ್ತಿಗೆ ವಾಚನಾಲಯಕ್ಕೆ ಪುಸ್ತಕ ಹಿಂದಿರುಗಿಸಲು ಬಂದಿದ್ದ ನಮ್ಮ ಸದಸ್ಯರೊಬ್ಬರ ಮಗಳು, ಕಾನೂನು ಓದುತ್ತಿರುವ ಹುಡುಗಿ, ಆಕೆಯ ಪಕ್ಕದಲ್ಲಿ ಹೋಗಿ ಕುಳಿತಳು. “ಅಕ್ಕಾ, ಹಾಜರಿ ವಹಿ ಯಾರ ಹತ್ತಿರ ಇರುತ್ತಿತ್ತು?” “ಮುಕಾದಮನ ಕಡಿ ಇರತಿತ್ತವ್ವಾ.” ಗೇಟಿನಲ್ಲಿ ಪಾಸು ಕೊಟ್ಟಿದ್ದರೇ? ಕೂಲಿಯನ್ನು ಕೈಗೆ ಕೊಡುತ್ತಿದ್ದರೇ, ಬ್ಯಾಂಕಿಗೆ ಹಾಕುತ್ತಿದ್ದರೇ? ನಿಮ್ಮ ಊರಿನವರು ಯಾರಾದರೂ ಜೊತೆಗಿದ್ದರೇ? ಒಂದೊಂದನ್ನೇ ಕೇಳಿ, ಉತ್ತರಗಳನ್ನು ದಿನಾಂಕ ಸಹಿತ ಬರೆದುಕೊಂಡಳು. ಬರೆದದ್ದನ್ನು ಆಕೆಗೆ ಓದಿ ಹೇಳಿ, “ತಪ್ಪಿದ್ದರೆ ತಿದ್ದಿ ಅಕ್ಕಾ” ಎಂದಳು. ಮಹಿಳೆಯಾದ ಕಾರಣಕ್ಕೇ, ಆದಾಯದ ಮಿತಿ ನೋಡದೆ, ಸರಕಾರದ ವೆಚ್ಚದಲ್ಲಿ ವಕೀಲರನ್ನು ಪಡೆಯುವ ಹಕ್ಕು ಆಕೆಗಿದೆ ಎಂಬುದನ್ನು ನಾವು ತಿಳಿದದ್ದು ಆ ಹುಡುಗಿಯಿಂದ. ಮರುದಿನ ಇಬ್ಬರೂ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋದರು.

ಓದುಗರ ಮುಂದೆ ಒಂದು ತಪ್ಪೊಪ್ಪಿಗೆ ಮಾಡಬೇಕಾಗಿದೆ. ಇದೇ ಹುಡುಗಿ ಅದಕ್ಕೆ ಎರಡು ವರ್ಷ ಮೊದಲು ನಮ್ಮ ಸಂಘದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದಳು. ಮುಂದಿನ ಗುರಿಯೇನೆಂಬ ಪ್ರಶ್ನೆಯ ಎದುರಿಗೆ ‘ಕೂಲಿಕಾರರ ಪರವಾಗಿ ವಕೀಲಿ’ ಎಂದು ಬರೆದಿದ್ದಳು. “ಇದರಿಂದ ಹೊಟ್ಟೆ ತುಂಬುತ್ತದೆಯೇ?” ಎಂದು ಸಮಿತಿಯಲ್ಲಿ ಒಬ್ಬರು ನಕ್ಕರು. ಅಧ್ಯಕ್ಷತೆ ವಹಿಸಿದ್ದ ನಾನು ಸುಮ್ಮನಿದ್ದೆ. ವೈದ್ಯಕೀಯ ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹಣ ಹಂಚಿದ ಮೇಲೆ ಆ ಅರ್ಜಿಗೆ ಏನೂ ಉಳಿಯಲಿಲ್ಲ. ಬಡವರ ಸೇವೆಗೆ ಒಳ್ಳೆಯ ಮನಸ್ಸು ಸಾಕು, ಓದಿಗೆ ಹಣ ಸುರಿಯುವ ಅಗತ್ಯವಿಲ್ಲ ಎಂಬ ಎಣಿಕೆ ನನ್ನಲ್ಲೂ ಇತ್ತು. ಒಳ್ಳೆಯ ಮನಸ್ಸು ಅಂದು ಹನ್ನೊಂದು ಮಂದಿಯಲ್ಲೂ ಇತ್ತು. ಅದರಿಂದ ಆದದ್ದು ಒಂದು ಲೋಟ ಚಹಾ, ಐದು ಸಾವಿರ ರೂಪಾಯಿ.

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನಾವು ಇತರರನ್ನು ಹಾಸ್ಯ ಮಾಡುವುದುಂಟು. ನ್ಯಾಯದ ಹೋರಾಟದಲ್ಲಿ ಗೆದ್ದವರು ಶಸ್ತ್ರಾಭ್ಯಾಸವನ್ನು ಮೊದಲೇ ಮುಗಿಸಿದ್ದವರು. ನಾವು ನೆಲೆಸಿರುವ ಈ ಮಹಾರಾಷ್ಟ್ರದ ಮಹಾಡನ್ನೇ ನೆನೆಯೋಣ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಚವದಾರ್ ಕೆರೆಯ ನೀರನ್ನು ಮುಟ್ಟಿದರು. ಅದರ ಹಿಂದೆ 1923ರ ಮುಂಬಯಿ ಶಾಸನ ಪರಿಷತ್ತಿನ ಗೊತ್ತುವಳಿ ಇತ್ತು, ಕೆರೆಯನ್ನು ಎಲ್ಲರಿಗೂ ತೆರೆದ 1924ರ ಪುರಸಭೆಯ ನಿರ್ಣಯವಿತ್ತು. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಅರ್ಥಶಾಸ್ತ್ರ ಮತ್ತು ಕಾನೂನು ಓದಿ ಬಂದಿದ್ದ ಅವರಿಗೆ ಕಾಗದದ ಮೇಲಿನ ಹಕ್ಕಿನ ಬೆಲೆ ತಿಳಿದಿತ್ತು. ಎದುರಾಳಿಗಳು ದಾವೆ ಹೂಡಿದರು. ಹೈಕೋರ್ಟಿನ ತೀರ್ಪು ದಲಿತರ ಪರವಾಗಿ ಬಂದದ್ದು 1937ರಲ್ಲಿ. ನೀರನ್ನು ಮುಟ್ಟಿದ್ದು ಒಂದು ದಿನದ ಕಾರ್ಯ. ಮುಟ್ಟಿದ್ದು ನ್ಯಾಯವೆಂದು ಸ್ಥಾಪಿಸಲು ಹತ್ತು ವರ್ಷ ಬೇಕಾಯಿತು. ಆ ಹತ್ತು ವರ್ಷಗಳನ್ನು ಆವೇಶವೊಂದರಿಂದಲೇ ದಾಟಲಾಗದು.

ಇನ್ನೊಂದು ಉದಾಹರಣೆ ಮುಂಬಯಿಯದೇ. 1981ರಲ್ಲಿ ಇಲ್ಲಿಯ ಫುಟ್‌ಪಾತಿನ ಗುಡಿಸಲುಗಳನ್ನು ಕಿತ್ತು, ಅಲ್ಲಿದ್ದವರನ್ನು ಅವರವರ ಊರುಗಳಿಗೆ ಅಟ್ಟಲು ಸರಕಾರ ಹೊರಟಿತು. ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮೊದಲಾದವರು ಸುಪ್ರೀಂ ಕೋರ್ಟಿಗೆ ಹೋದರು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು 1985ರಲ್ಲಿ ನ್ಯಾಯಾಲಯ ಹೇಳಿತು. ಆದರೆ ತೆರವನ್ನೇ ನಿಷೇಧಿಸಲಿಲ್ಲ. ಅದೇ ವರ್ಷ ‘ಸ್ಪಾರ್ಕ್’ ಸಂಸ್ಥೆಯವರು ಫುಟ್‌ಪಾತಿನ ಮನೆಮನೆಗೂ ಹೋಗಿ ಅಲ್ಲಿಯ ಸಂಸಾರಗಳನ್ನು ಎಣಿಸಿ, ಅವರ ಊರು, ಕಸುಬು, ಇಲ್ಲಿ ಕಳೆದ ವರ್ಷಗಳನ್ನು ದಾಖಲಿಸಿದರು. ಲೆಕ್ಕಕ್ಕೆ ಸಿಗದವರು ಯಾರ ಯೋಜನೆಗೂ ಸಿಗುವುದಿಲ್ಲ. ಒಳ್ಳೆಯ ತೀರ್ಪಿನ ಜೊತೆಗೆ ಒಳ್ಳೆಯ ಎಣಿಕೆಯೂ ಬೇಕು.

ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ನರು ಮಲ ಹೊರುವ ಪದ್ಧತಿಯ ವಿರುದ್ಧ ನಡೆಸಿದ ಹೋರಾಟವೂ ಇದನ್ನೇ ಹೇಳುತ್ತದೆ. ಆ ಪದ್ಧತಿಯನ್ನು ನಿಷೇಧಿಸುವ ಕಾಯಿದೆ 1993ರಲ್ಲೇ ಬಂದಿತ್ತು. ‘ನಮ್ಮಲ್ಲಿ ಅದು ಇಲ್ಲ’ ಎಂದು ಅಧಿಕಾರಿಗಳು ಹೇಳಿದಾಗ, ಇದೆಯೆಂದು ತೋರಿಸಲು ಅವರೂ ಅವರ ಸಂಗಾತಿಗಳೂ ಛಾಯಾಚಿತ್ರಗಳನ್ನೂ ಸಮೀಕ್ಷೆಗಳನ್ನೂ ಕೂಡಿಸಿದರು. 2003ರಲ್ಲಿ ಸಫಾಯಿ ಕರ್ಮಚಾರಿ ಆಂದೋಲನ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2014ರ ತೀರ್ಪು, 1993ರಿಂದೀಚೆಗೆ ಚರಂಡಿಯಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಕೊಡಬೇಕೆಂದಿತು. 2023ರಲ್ಲಿ ಅದೇ ನ್ಯಾಯಾಲಯ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ‘ಇದ್ದ ಅಂತ ಹೆಂಗ ತೋರಸ್ಲಿ’ ಎಂಬ ಯಾದಗಿರಿಯ ಹೆಣ್ಣುಮಗಳ ಪ್ರಶ್ನೆಯೇ ಅಲ್ಲಿಯೂ ಇತ್ತೆಂಬುದನ್ನು ಗಮನಿಸಬೇಕು.

ಹಾಗಾದರೆ ಈ ದಾರಿ ಹಿಡಿಯಬಯಸುವ ನಮ್ಮ ಮಕ್ಕಳು ಏನನ್ನು ಕಲಿಯಬೇಕು? ಪಿಯುಸಿ ಮುಗಿಸಿದವರಿಗೆ ಐದು ವರ್ಷದ, ಪದವೀಧರರಿಗೆ ಮೂರು ವರ್ಷದ ಕಾನೂನು ವ್ಯಾಸಂಗವಿದೆ. ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಿದೆ. ಇದನ್ನು ಕಲಿಸಲೆಂದು ಮುಂಬಯಿಯಲ್ಲಿ 1936ರಲ್ಲೇ ಆರಂಭವಾದ ಟಾಟಾ ಸಂಸ್ಥೆ ನಮ್ಮ ಮನೆಯಂಗಳದಲ್ಲಿದೆ. ಆದರೆ ಪದವಿ ಅರ್ಧ ಸಿದ್ಧತೆ ಮಾತ್ರ. 1949ರಲ್ಲಿ ಮಂಗಳೂರಿನಿಂದ ಬರಿಗೈಯಲ್ಲಿ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿದ ಜಾರ್ಜ್ ಫರ್ನಾಂಡಿಸರಿಗೆ ಕಾಲೇಜಿನ ಪದವಿಯಿರಲಿಲ್ಲ. ಕಾರ್ಮಿಕ ನಾಯಕ ಪಿ. ಡಿಮೆಲ್ಲೊ ಅವರ ಗರಡಿಯಿತ್ತು. ಇಂದಿನ ವಿದ್ಯಾರ್ಥಿಗೂ ಅಂಥ ಗರಡಿ ಬೇಕು. ಅನುಭವಿ ವಕೀಲರೊಬ್ಬರ, ಕಾರ್ಮಿಕ ಸಂಘಟನೆಯೊಂದರ ಕೈಕೆಳಗೆ ರಜೆಯ ದಿನಗಳನ್ನು ಕಳೆಯಬೇಕು. ಕಾನೂನು ಸೇವಾ ಪ್ರಾಧಿಕಾರಗಳು 2009ರಿಂದ ಅರೆಕಾನೂನು ಸ್ವಯಂಸೇವಕರಿಗೆ ತರಬೇತಿ ಕೊಡುತ್ತಿವೆ. ವಿದ್ಯಾರ್ಥಿಗಳೂ ಅದಕ್ಕೆ ಸೇರಬಹುದು. 2005ರ ಮಾಹಿತಿ ಹಕ್ಕಿನ ಅರ್ಜಿಯೊಂದನ್ನು ಸ್ವಂತ ಕೈಯಿಂದ ಬರೆದು, 30 ದಿನ ಕಾದು, ಬಂದ ಉತ್ತರವನ್ನು ಓದಿದವನಿಗೆ ಕಚೇರಿಯ ಭಾಷೆ ಅರ್ಥವಾಗತೊಡಗುತ್ತದೆ. ಎಲ್ಲಕ್ಕಿಂತ ಮೊದಲು ಕೇಳಿಸಿಕೊಳ್ಳಲು ಕಲಿಯಬೇಕು. ನೊಂದವರ ಮಾತನ್ನು ನಾವೇ ಆಡಿಬಿಡುವ ಚಪಲ ನಮ್ಮಂಥ ಓದಿದವರಿಗೆ ಹೆಚ್ಚು. ‘ತಪ್ಪಿದ್ದರೆ ತಿದ್ದಿ ಅಕ್ಕಾ’ ಎಂಬ ವಿನಯ ಯಾವ ಪದವಿಯ ಜೊತೆಗೂ ತಾನಾಗಿ ಬರುವುದಿಲ್ಲ.

ಹೊರನಾಡ ಕನ್ನಡಿಗರ ಮಕ್ಕಳಿಗೆ ಇಲ್ಲೊಂದು ವಿಶೇಷ ಅನುಕೂಲವಿದೆ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ, ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷು ಅವರಿಗೆ ಸಹಜವಾಗಿ ದಕ್ಕಿವೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಲು ವರ್ಷದಲ್ಲಿ 90 ದಿನ ದುಡಿದದ್ದಕ್ಕೆ ದಾಖಲೆ ಬೇಕು. ಕಲಬುರಗಿಯಿಂದ, ವಿಜಯಪುರದಿಂದ ಬಂದ ಕೂಲಿಕಾರನಿಗೂ ಮರಾಠಿ ನಮೂನೆ ಹಿಡಿದ ಗುಮಾಸ್ತನಿಗೂ ನಡುವೆ ಸೇತುವೆಯಾಗಬಲ್ಲವರು ನಮ್ಮ ಮಕ್ಕಳು. ಕನ್ನಡವನ್ನು ಉಳಿಸುವ ಬಗ್ಗೆ ನಾವು ಮಾಡುವ ಭಾಷಣಗಳಿಗಿಂತ, ಕನ್ನಡ ಹೀಗೆ ಒಬ್ಬರ ಕೆಲಸಕ್ಕೆ ಬರುವುದು ದೊಡ್ಡದು.

ತಂದೆತಾಯಿಯರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಈ ವೃತ್ತಿಯಲ್ಲಿ ಮೊದಲ ವರ್ಷಗಳ ಗಳಿಕೆ ಕಡಿಮೆ, ಬಾಡಿಗೆ ಮಾತ್ರ ಮುಂಬಯಿಯದು. ಆದರೆ ನಮ್ಮ ಹಿರಿಯರಲ್ಲಿ ಅನೇಕರು ಹಗಲು ಹೊಟೇಲುಗಳಲ್ಲಿ ಲೋಟ ತೊಳೆದು, ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತು ಮೇಲೆ ಬಂದವರು. ಆ ಶಾಲೆಗಳನ್ನು ನಡೆಸಿದವರನ್ನು ‘ಇದರಿಂದ ಹೊಟ್ಟೆ ತುಂಬುತ್ತದೆಯೇ’ ಎಂದು ಯಾರಾದರೂ ತಡೆದಿದ್ದರೆ ನಮ್ಮಲ್ಲಿ ಎಷ್ಟು ಮಂದಿ ಇಂದು ಈ ಪತ್ರಿಕೆಯನ್ನು ಓದುತ್ತಿದ್ದೆವು?

ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಎರಡು ಸೂಚನೆಗಳನ್ನು ಮಂಡಿಸಲಿದ್ದೇನೆ. ಒಂದು, ಕಾನೂನು ಮತ್ತು ಸಮಾಜಕಾರ್ಯ ಓದುವವರಿಗೆ ವರ್ಷಕ್ಕೆ ಎರಡು ವಿದ್ಯಾರ್ಥಿವೇತನಗಳು. ಮೊದಲ ವರ್ಷದ ಒಂದರ ಹಣ ನನ್ನದು, ಅದು ದಾನವಲ್ಲ, ಸಾಲ ತೀರಿಕೆ. ಎರಡು, ಪ್ರತಿ ಭಾನುವಾರ ವಾಚನಾಲಯದ ಒಂದು ಮೇಜು, ಎರಡು ಗಂಟೆ, ವಕೀಲರೊಬ್ಬರ ಮಾರ್ಗದರ್ಶನದಲ್ಲಿ ನಮ್ಮ ವಿದ್ಯಾರ್ಥಿಗಳು. ಸದಸ್ಯರು ವಿರೋಧಿಸುವುದಾದರೆ ಸಭೆಗೆ ಬಂದು ವಿರೋಧಿಸಲಿ, ಚರ್ಚೆಯಾಗಲಿ. ಸುಮ್ಮನಿರುವುದು ಬೇಡ. ಸುಮ್ಮನಿದ್ದುದರ ಫಲವನ್ನು ನಾನು ಕಂಡಿದ್ದೇನೆ.

ಯಾದಗಿರಿಯ ಆ ಹೆಣ್ಣುಮಗಳ ಪರಿಹಾರದ ಪ್ರಕರಣ ಇನ್ನೂ ಇತ್ಯರ್ಥವಾಗಿಲ್ಲ. ಆಕೆಯ ಊರಿನ ಇಬ್ಬರು ಕೂಲಿಕಾರರು ಸಾಕ್ಷಿ ಹೇಳಲು ಒಪ್ಪಿದ್ದಾರೆ. ಗಂಡನ ಹಳೆಯ ಅಂಗಿಯ ಜೇಬಿನಲ್ಲಿ ಗೇಟಿನ ಪಾಸೊಂದು ಸಿಕ್ಕಿದೆ. ಅದನ್ನು ಹುಡುಕಬೇಕೆಂದು ಆಕೆಗೆ ಹೇಳಿದವಳು, ನಾವು ವಿದ್ಯಾರ್ಥಿವೇತನ ನಿರಾಕರಿಸಿದ ಆ ಹುಡುಗಿ.