ಘೋಷಿಸದ ಯುದ್ಧಕ್ಕೆ ಯಾವ ಕಾನೂನು?

1857ರಲ್ಲಿ ನಮ್ಮ ಮುಧೋಳ ಸೀಮೆಯ ಹಲಗಲಿಗೆ ಬ್ರಿಟಿಷರ ಸೈನ್ಯಕ್ಕಿಂತ ಮೊದಲು ಬಂದದ್ದು ಆಯುಧ ಒಪ್ಪಿಸಬೇಕೆಂಬ ಕಾಯ್ದೆ. ಬೇಡರು ಒಪ್ಪಲಿಲ್ಲ, ಊರು ಸುಟ್ಟುಹೋಯಿತು. ಆಕ್ರಮಣವು ಗುಂಡಿನ ಸದ್ದಿಗಿಂತ ಮುಂಚೆಯೇ ಆರಂಭವಾಗುತ್ತದೆ ಎಂಬುದನ್ನು ನಾವು ಬಲ್ಲೆವು.

2014ರಲ್ಲಿ ಕ್ರಿಮಿಯಾಕ್ಕೆ ಲಾಂಛನವಿಲ್ಲದ ಸೈನಿಕರು ಬಂದರು. ಅವರು ತನ್ನವರಲ್ಲವೆಂದು ರಷ್ಯಾ ಮೊದಲು ವಾದಿಸಿತು. ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿಯು ಸಶಸ್ತ್ರ ದಾಳಿಯಾದಾಗ ಆತ್ಮರಕ್ಷಣೆಯ ಹಕ್ಕನ್ನು ಮಾನ್ಯ ಮಾಡುತ್ತದೆ. ಬಂಡುಕೋರರಿಗೆ ಶಸ್ತ್ರ ನೀಡುವುದು ಕಾನೂನುಬಾಹಿರವಾದರೂ ಅಂತಹ ದಾಳಿಯಲ್ಲವೆಂದು 1986ರ ನಿಕರಾಗುವಾ ಪ್ರಕರಣದಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ತೀರ್ಪಿತ್ತಿತು.

ಹಾಗಾದರೆ ಈ ಮಿತಿಯನ್ನೇ ಸಡಿಲಿಸಬೇಕೇ? ಖಂಡಿತ ಕೂಡದು. ಇಲ್ಲದ ಅಸ್ತ್ರಗಳ ನೆಪದಲ್ಲಿ 2003ರಲ್ಲಿ ಇರಾಕ್ ಧ್ವಂಸವಾದುದನ್ನು ನಾವು ಕಂಡಿದ್ದೇವೆ. ಸಂಶಯವೇ ಯುದ್ಧಕ್ಕೆ ಪರವಾನಗಿಯಾದರೆ ಬಲಿಯಾಗುವವರು ದುರ್ಬಲರೇ. ಬೇಕಾಗಿರುವುದು ತ್ವರಿತವಾದ ಸ್ವತಂತ್ರ ತನಿಖೆ, ತಪ್ಪಿತಸ್ಥ ರಾಷ್ಟ್ರದ ಮೇಲೆ ಬಲಪ್ರಯೋಗವಿಲ್ಲದ ನಿರ್ಬಂಧ, ಸಂತ್ರಸ್ತರಿಗೆ ಪರಿಹಾರ. ಹಲಗಲಿಯ ಮೊರೆ ಕೇಳುವ ನ್ಯಾಯಪೀಠ ಅಂದಿರಲಿಲ್ಲ. ಇಂದು ಇದ್ದೂ ಕೇಳದಿದ್ದರೆ ಅದು ಯಾರ ಅಪರಾಧ?